ವಿಶೇಷ ಚಿಕಿತ್ಸೆ ಬೇಕಿರುವ ಹಸುಗೂಸಿಗೆ ದತ್ತು ಕುಟುಂಬ: ಕೊಡಗಿನಲ್ಲಿ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ ಹೆಚ್ಚೂಕಡಿಮೆ ಒಂದೇ ಥರ ಬರುತ್ತದೆ. "ನಮ್ಮ ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಒಂದು ಹುಡುಗಿಗೆ ಹೆರಿಗೆ ಆಗಿದೆ. ಮಗುವಿನ ಹೃದಯದಲ್ಲಿ ತೂತು ಇದೆಯಂತೆ. ಸಾಕೋಕೆ ಆಗಲ್ಲ ಅಂತಾಳೆ. ಯಾರಾದರೂ ಒಳ್ಳೆಯವರು ಇದ್ದರೆ ಹೇಳಿ." ಕೇಳುವವರು ಕೆಲವೊಮ್ಮೆ ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್, ಕೆಲವೊಮ್ಮೆ ಆಶಾ ಕಾರ್ಯಕರ್ತೆ, ಕೆಲವೊಮ್ಮೆ ಮಗುವಿನ ಅಜ್ಜಿಯೇ. ಕಾಯಿಲೆಯ ಹೆಸರು ಬದಲಾಗುತ್ತದೆ, ಅಷ್ಟೇ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕುಟುಂಬವನ್ನು ನೀವು ಹುಡುಕಬೇಕಾಗಿಲ್ಲ, ಹುಡುಕಲೂ ಬಾರದು. ಅದಕ್ಕೆ ಒಂದು ವ್ಯವಸ್ಥೆ ಇದೆ. ನಿಮ್ಮ ಕೆಲಸ ಎರಡು. ಮಗುವನ್ನು ಆ ವ್ಯವಸ್ಥೆಗೆ ತಲುಪಿಸಬೇಕು. ಅದರ ಕಾಯಿಲೆಯ ಕಾಗದಗಳು ಒಂದೂ ಬಿಟ್ಟುಹೋಗದೆ ಅದರ ಜೊತೆಗೇ ಹೋಗುವಂತೆ ನೋಡಿಕೊಳ್ಳಬೇಕು. ಎರಡನೆಯದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆದರೆ ಕಾಯಿಲೆ ಇರುವ ಮಗುವಿಗೆ ಮನೆ ಸಿಗುವುದು ಬಹುಮಟ್ಟಿಗೆ ಆ ಕಾಗದಗಳಿಂದಲೇ.

ಮೊದಲು ಕೆಲವು ಹೆಸರು

ಮುಂದೆ ಪದೇ ಪದೇ ಬರುವ ಹೆಸರುಗಳಿವು. ಮಕ್ಕಳ ಕಲ್ಯಾಣ ಸಮಿತಿ ಅಂದರೆ ಜಿಲ್ಲೆಯಲ್ಲಿ ಆಸರೆ ಬೇಕಿರುವ ಮಕ್ಕಳ ಬಗ್ಗೆ ತೀರ್ಮಾನ ಮಾಡುವ ಸಮಿತಿ. ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ಜನ ಇದನ್ನು ಸಿಡಬ್ಲ್ಯುಸಿ ಎನ್ನುತ್ತಾರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಅಂದರೆ ಓಡಾಟ, ವಿಚಾರಣೆ, ಕಾಗದಪತ್ರ ನೋಡಿಕೊಳ್ಳುವ ಸರ್ಕಾರಿ ಕಚೇರಿ. ಇದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಡಿ ಬರುತ್ತದೆ. ವಿಶೇಷ ದತ್ತು ಕೇಂದ್ರ ಅಂದರೆ ಮಗುವನ್ನು ಇಟ್ಟುಕೊಂಡು ಸಾಕುವ, ದತ್ತು ಕೊಡುವ ಮಾನ್ಯತೆ ಇರುವ ಸಂಸ್ಥೆ. ಕಾರಾ ಅಂದರೆ ದೇಶದ ದತ್ತು ವ್ಯವಸ್ಥೆಯನ್ನು ನಡೆಸುವ ಕೇಂದ್ರ ಪ್ರಾಧಿಕಾರ. ದತ್ತು ಬೇಕೆನ್ನುವ ಕುಟುಂಬಗಳು ಹೆಸರು ನೋಂದಾಯಿಸುವುದು ಅದರ ಪೋರ್ಟಲ್‌ನಲ್ಲಿ.

ಇವೆಲ್ಲ ನಡೆಯುವುದು 2015ರ ಬಾಲನ್ಯಾಯ ಕಾಯ್ದೆ ಮತ್ತು 2022ರ ದತ್ತು ನಿಯಮಗಳ ಪ್ರಕಾರ. ಮೊದಲು ದತ್ತು ಆದೇಶ ಕೊಡುತ್ತಿದ್ದದ್ದು ನ್ಯಾಯಾಲಯ. 2022ರ ಸೆಪ್ಟೆಂಬರ್‌ನಿಂದ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ನಮ್ಮ ಜಿಲ್ಲಾಧಿಕಾರಿಗೆ ಬಂದಿದೆ.

ಹಂತ 1: ಮೊದಲು ಚಿಕಿತ್ಸೆ, ಆಮೇಲೆ ಒಂದು ಪ್ರಶ್ನೆ

ದತ್ತು ವಿಚಾರ ಮುಗಿಯುವ ತನಕ ಚಿಕಿತ್ಸೆಯನ್ನು ಕಾಯಿಸಬೇಡಿ. ಮಗು ಹಾಲು ಎಳೆಯುತ್ತಿಲ್ಲ, ಮೈ ನೀಲಿಗಟ್ಟುತ್ತಿದೆ, ಜ್ವರ ಇದೆ ಅಂದರೆ ನೇರವಾಗಿ ಆಸ್ಪತ್ರೆಗೆ ಹೋಗಿ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಆಗದ್ದಕ್ಕೆ ಮೈಸೂರಿಗೆ ಬರೆದುಕೊಡುತ್ತಾರೆ.

ಇನ್ನು ಪ್ರಶ್ನೆ. "ಸಾಕೋಕೆ ಆಗಲ್ಲ" ಅನ್ನುವ ಮಾತಿನ ಹಿಂದೆ ಏನಿದೆ? "ಆಪರೇಷನ್‌ಗೆ ಲಕ್ಷಗಟ್ಟಲೆ ಬೇಕಂತೆ, ನಮ್ಮ ಹತ್ತಿರ ಎಲ್ಲಿದೆ" ಅನ್ನುವುದೇ ಕಾರಣವಾಗಿದ್ದರೆ, ಅದು ದತ್ತು ಕೊಡಬೇಕಾದ ಕಾರಣವೇ ಅಲ್ಲ. ಇದನ್ನು ತಾಯಿಗೆ ಯಾರೂ ಹೇಳಿರುವುದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಒಂದಿದೆ. ಹುಟ್ಟಿನಿಂದ 18 ವರ್ಷದ ತನಕ ಮಕ್ಕಳನ್ನು ತಪಾಸಣೆ ಮಾಡಿ ಮುಂದಿನ ಚಿಕಿತ್ಸೆಗೆ ಕಳುಹಿಸುವ ಸರ್ಕಾರಿ ಕಾರ್ಯಕ್ರಮ. ಹುಟ್ಟಿನಿಂದ ಬಂದ ಹೃದಯದ ತೊಂದರೆ, ಸೀಳುತುಟಿ, ತಿರುಚಿದ ಪಾದ, ಕಣ್ಣಿನ ಪೊರೆ, ಕಿವುಡು, ಬೆನ್ನುಹುರಿಯ ದೋಷ ಎಲ್ಲವೂ ಅದರ ಪಟ್ಟಿಯಲ್ಲಿವೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರ ಮೂಲಕ ಆ ತಂಡವನ್ನು ಕೇಳಿ. ದೊಡ್ಡ ಆಪರೇಷನ್‌ಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಕಿವಿ, ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಕಾಯಿಲೆಯ ಹೆಸರು ಕೇಳಿಯೇ ಗಾಬರಿಯಾದವರಿಗೆ ಒಂದು ಮಾತು. ತಿರುಚಿದ ಪಾದಕ್ಕೆ ಹುಟ್ಟಿದ ಕೆಲವೇ ವಾರಗಳಲ್ಲಿ ವಾರಕ್ಕೊಂದು ಪ್ಲಾಸ್ಟರ್ ಹಾಕುತ್ತಾ ಬಂದರೆ, ಸಾಮಾನ್ಯವಾಗಿ ಮಗು ಚೆನ್ನಾಗಿ ನಡೆಯುತ್ತದೆ. ಸೀಳುತುಟಿಯನ್ನು ಮೂರರಿಂದ ಆರು ತಿಂಗಳೊಳಗೆ ಹೊಲಿಯುತ್ತಾರೆ. ಹೃದಯದ ಕೆಲವು ಸಣ್ಣ ತೂತುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಇಷ್ಟು ಗೊತ್ತಾದ ಮೇಲೆ "ನಾವೇ ಇಟ್ಟುಕೊಳ್ತೀವಿ" ಅನ್ನುವ ತಾಯಂದಿರು ಇದ್ದಾರೆ. ಅವರಿಗೆ ಆ ಅವಕಾಶ ಸಿಗಲೇಬೇಕು.

ಎಲ್ಲ ತಿಳಿದ ಮೇಲೂ ಆಗುವುದಿಲ್ಲ ಎನ್ನುವವರೂ ಇದ್ದಾರೆ. ಮದುವೆಯಾಗದ ಹುಡುಗಿ ಇರಬಹುದು, ಗಂಡ ಬಿಟ್ಟುಹೋದವಳು ಇರಬಹುದು. ಅಂಥವರ ಮೇಲೆ ಒತ್ತಡ ಹಾಕಬೇಡಿ, ಬೈಯಬೇಡಿ. ಮುಂದಿನ ಹಂತಕ್ಕೆ ಹೋಗಿ.

ಹಂತ 2: 1098ಕ್ಕೆ ಫೋನ್

1098 ಮಕ್ಕಳ ಸಹಾಯವಾಣಿ. ದುಡ್ಡು ಇಲ್ಲ, ದಿನದ 24 ಗಂಟೆಯೂ ಇರುತ್ತದೆ. ಇಲ್ಲದಿದ್ದರೆ ಮಡಿಕೇರಿಯಲ್ಲಿರುವ ಮಕ್ಕಳ ರಕ್ಷಣಾ ಘಟಕಕ್ಕೆ ಅಥವಾ ನೇರವಾಗಿ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬಹುದು. ಕುಟ್ಟ, ಭಾಗಮಂಡಲದ ಕಡೆ ಜೂನ್ ಜುಲೈನಲ್ಲಿ ನೆಟ್‌ವರ್ಕ್ ಸಿಗುವುದು ಕಷ್ಟ ಅಲ್ವಾ? ಆಗ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಹೇಳಿ.

ಬಿಟ್ಟುಹೋದ ಮಗು ಸಿಕ್ಕಿದ್ದರೆ ಸಮಯ ಮುಖ್ಯ. 24 ಗಂಟೆಯೊಳಗೆ ತಿಳಿಸಲೇಬೇಕು. "ನಾಲ್ಕು ದಿನ ನಮ್ಮ ಮನೆಯಲ್ಲೇ ಇರಲಿ, ಪಾಪ" ಅಂತ ಇಟ್ಟುಕೊಂಡರೆ, ಮನಸ್ಸು ಒಳ್ಳೆಯದಾದರೂ ಕಾನೂನಿನ ಪ್ರಕಾರ ಅಪರಾಧವಾಗುತ್ತದೆ. ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

"ಪೊಲೀಸ್ ಕೇಸ್ ಆಗುತ್ತಾ?" ಅಂತ ಹೆತ್ತವರು ಹೆದರುತ್ತಾರೆ. ಈ ಹೆದರಿಕೆಯಿಂದಲೇ ಮಗು ಬಸ್‌ಸ್ಟ್ಯಾಂಡಿನಲ್ಲೋ ತೋಟದಲ್ಲೋ ಸಿಗುವಂತಾಗುತ್ತದೆ. ಸ್ಪಷ್ಟವಾಗಿ ಹೇಳಿ: ಒಪ್ಪಿಸಿದ ಮಗುವಾಗಲಿ, ಬಿಟ್ಟುಹೋದ ಮಗುವಾಗಲಿ, ಅದರ ವಿಚಾರಣೆಯಲ್ಲಿ ಹೆತ್ತವರ ಮೇಲೆ ಎಫ್‌ಐಆರ್ ಹಾಕುವಂತಿಲ್ಲ ಅಂತ ಕಾಯ್ದೆಯಲ್ಲೇ ಇದೆ.

ಮಗು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದರೆ ಅದನ್ನು ಎತ್ತಿಕೊಂಡು ಸಮಿತಿಯ ಮುಂದೆ ಓಡಬೇಡಿ. ಮೊದಲು ಸಮಿತಿಗೆ ತಿಳಿಸಿ, ಡಾಕ್ಟರ್ ಬರೆದ ವರದಿ ಕೊಡಿ. ಮುಂದೆ ಏನು ಮಾಡಬೇಕೆಂದು ಅವರು ಹೇಳುತ್ತಾರೆ.

ಇಲ್ಲಿ ಮಾಡುವ ದೊಡ್ಡ ತಪ್ಪು ವಾಟ್ಸಾಪ್. ಮಗುವಿನ ಫೋಟೋ ಹಾಕಿ "ಸೀಳುತುಟಿ ಮಗು, ದತ್ತು ಬೇಕಾದವರು ಸಂಪರ್ಕಿಸಿ" ಅಂತ ಗ್ರೂಪಿಗೆ ಕಳುಹಿಸುತ್ತಾರೆ. ಮಗುವಿನ ಗುರುತು ಬಯಲು ಮಾಡುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಆ ಫೋಟೋ ನೋಡಿ ಯಾರು ಬರುತ್ತಾರೆ ಅನ್ನುವುದು ನಿಮಗೆ ಗೊತ್ತಿಲ್ಲ. ಬಂದ ಫೋಟೋವನ್ನು ಮುಂದಕ್ಕೆ ಕಳುಹಿಸಬೇಡಿ. ಕಳುಹಿಸಿದವರಿಗೆ 1098 ಕೊಡಿ.

ಹಂತ 3: ಕಾಗದ

ಈ ಹಂತದ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಎಡವುವುದು ಇಲ್ಲೇ.

ಯಾವುದೋ ಊರಿನ ದಂಪತಿ ಈ ಮಗುವಿನ ವೈದ್ಯಕೀಯ ವರದಿ ಓದುತ್ತಾರೆ ಅಂದುಕೊಳ್ಳಿ. ಅದರಲ್ಲಿ "ಹೃದಯದ ತೊಂದರೆ" ಅಂತ ಮಾತ್ರ ಇದೆ. ಅವರು ಏನು ಮಾಡುತ್ತಾರೆ? ಹೆದರಿ ಪುಟ ತಿರುಗಿಸುತ್ತಾರೆ. ಅದೇ ವರದಿಯಲ್ಲಿ ಯಾವ ತೂತು, ಎಷ್ಟು ಮಿಲಿಮೀಟರ್, ಎಕೋ (ಹೃದಯದ ಸ್ಕ್ಯಾನ್) ಯಾವಾಗ ಆಯಿತು, ತೂಕ ಏರುತ್ತಿದೆಯೇ, ಆಪರೇಷನ್ ಬೇಕಾ ಅಥವಾ ಕಾದು ನೋಡಬಹುದಾ ಎಂದು ಬರೆದಿದ್ದರೆ, ಅವರು ಅದನ್ನು ತಮ್ಮ ಡಾಕ್ಟರ್‌ಗೆ ತೋರಿಸುತ್ತಾರೆ. ಒಪ್ಪಿಗೆ ಕೊಡುವ ಮುಂಚೆ ತಮಗೆ ಬೇಕಾದ ವೈದ್ಯರಿಂದ ವರದಿ ಪರಿಶೀಲಿಸಿಕೊಳ್ಳುವ ಹಕ್ಕು ಅವರಿಗಿದೆ. ಕಾಯಿಲೆ ದೊಡ್ಡದು ಎಂಬುದಕ್ಕಿಂತ, ಏನೂ ತಿಳಿಯುತ್ತಿಲ್ಲ ಎಂಬುದು ಜನರನ್ನು ಹೆಚ್ಚು ಹೆದರಿಸುತ್ತದೆ.

ಹಾಗಾಗಿ ಒಂದು ಪ್ಲಾಸ್ಟಿಕ್ ಫೈಲ್ ತನ್ನಿ. ನಮ್ಮ ಮಳೆಗೆ ಸುಮ್ನೆ ರಟ್ಟಿನ ಫೈಲ್ ಸಾಲದು. ಅದರಲ್ಲಿ ಇವು ಇರಲಿ:

ತಾಯಿ ಕಾರ್ಡ್, ಹೆರಿಗೆ ಸಮಯದ ಡಿಸ್ಚಾರ್ಜ್ ಚೀಟಿ. ಹುಟ್ಟಿದಾಗಿನ ತೂಕ, ಎಷ್ಟನೇ ವಾರಕ್ಕೆ ಹೆರಿಗೆ, ಹುಟ್ಟಿದ ಕೂಡಲೇ ಅತ್ತಿತೇ ಎಂಬುದು ಅದರಲ್ಲಿ ಸಿಗುತ್ತದೆ.

ಮಾಡಿಸಿದ ಪ್ರತಿ ಪರೀಕ್ಷೆಯ ಮೂಲ ವರದಿ. ಎಕೋ, ಎಕ್ಸ್‌ರೇ, ಸ್ಕ್ಯಾನ್, ರಕ್ತ ಪರೀಕ್ಷೆ ಎಲ್ಲ. ಬೇರೆ ಆಸ್ಪತ್ರೆಗೆ ಕಳುಹಿಸುವಾಗ ಫಿಲ್ಮು, ವರದಿ ಹಳೆಯ ಆಸ್ಪತ್ರೆಯಲ್ಲೇ ಉಳಿದುಬಿಡುತ್ತವೆ. ನಾನು ಹತ್ತಿರದಿಂದ ನೋಡಿದ ಒಂದು ಮಗುವಿನ ಎಕೋ ಹೀಗೆ ಕಳೆದು, ಮತ್ತೆ ಮಾಡಿಸಲು ಒಂದೂವರೆ ತಿಂಗಳು ಹೋಯಿತು. ಆ ದಿನಗಳಷ್ಟೂ ಮಗುವಿನ ಕಡತ ಮುಂದೆ ಹೋಗಲಿಲ್ಲ. ಫೋನಿನಲ್ಲಿ ಪ್ರತಿಯೊಂದರ ಫೋಟೋ ತೆಗೆದಿಟ್ಟುಕೊಳ್ಳಿ, ಸಮಿತಿಗೆ ಮತ್ತು ದತ್ತು ಕೇಂದ್ರಕ್ಕೆ ಬಿಟ್ಟು ಬೇರೆ ಯಾರಿಗೂ ಕೊಡಬೇಡಿ.

ಲಸಿಕೆ ಕಾರ್ಡ್. ಔಷಧಿ ಚೀಟಿ, ಯಾವ ದಿನ ಶುರು ಮಾಡಿದ್ದು ಎಂಬುದರ ಜೊತೆ.

ಮಾಡಿಸಬೇಕಾದ ಪರೀಕ್ಷೆ ಬಿಟ್ಟುಹೋಗಿದೆಯೇ ಅಂತಲೂ ಕೇಳಿ. 34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಒಂದು ತಿಂಗಳೊಳಗೆ ಕಣ್ಣಿನ ಒಳಪರದೆಯ ಪರೀಕ್ಷೆ ಆಗಬೇಕು. ತಡವಾದರೆ ದೃಷ್ಟಿಯೇ ಹೋಗಬಹುದು. ಇದು ಮಗು ಕೈಯಿಂದ ಕೈಗೆ ಹೋಗುವ ಹೊತ್ತಿನಲ್ಲೇ ತಪ್ಪಿಹೋಗುತ್ತದೆ. ತಾಯಿಯೂ ಇಲ್ಲ, ಕೇಂದ್ರಕ್ಕೆ ಗೊತ್ತೂ ಇಲ್ಲ, ದಿನ ಮುಗಿದಿರುತ್ತದೆ. ಕಿವಿಯ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಕೂಡ ಹಾಗೆಯೇ. ಹೆತ್ತವರ ಮನೆಯಲ್ಲಿ ಸಿಕಲ್ ಸೆಲ್ ರಕ್ತದ ಕಾಯಿಲೆ ಇದ್ದರೆ ಅದನ್ನೂ ಹೇಳಿ.

ತಾಯಿಗೆ ಎಚ್‌ಐವಿ ಇದ್ದರೆ ಒಂದು ವಿಷಯ ಗಮನಿಸಿ. ಹುಟ್ಟಿದ ಮಗುವಿನ ಮಾಮೂಲಿ ರಕ್ತ ಪರೀಕ್ಷೆಯಲ್ಲಿ "ಪಾಸಿಟಿವ್" ಬಂದರೆ ಮಗುವಿಗೆ ಸೋಂಕಿದೆ ಎಂದಲ್ಲ. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ತಿಂಗಳುಗಟ್ಟಲೆ ಇರುತ್ತವೆ. ಆರು ವಾರಕ್ಕೆ ಬೇರೆ ರೀತಿಯ ಪರೀಕ್ಷೆ ಇದೆ, ಕೊನೆಯ ಖಚಿತ ಉತ್ತರ 18 ತಿಂಗಳಿಗೆ. ಮಗುವಿಗೆ ಕೊಡಬೇಕಾದ ತಡೆ ಔಷಧಿ ಒಂದು ದಿನವೂ ತಪ್ಪಬಾರದು. ವಿಷಯ ಹೊರಗೆ ಹೋಗಲೂ ಬಾರದು.

ಕಾಯಿಲೆಯನ್ನು ಮುಚ್ಚಿಟ್ಟರೆ ಬೇಗ ಮನೆ ಸಿಗುತ್ತದೆ ಎಂದು ಕೆಲವರು ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಗೆ ಹೋದ ಮೇಲೆ ಗೊತ್ತಾಗಿ, ಆ ಕುಟುಂಬ ಮಗುವನ್ನು ವಾಪಸ್ ತಂದುಬಿಟ್ಟರೆ, ಆ ಕೂಸು ಎರಡನೇ ಸಲ ಮನೆ ಕಳೆದುಕೊಂಡಂತೆ.

ಹಂತ 4: ಒಪ್ಪಿಸುವ ಪತ್ರ ಮತ್ತು 60 ದಿನ

ಹೆತ್ತವರು ಮಗುವನ್ನು ಕೊಡುವುದು ಸಮಿತಿಯ ಮುಂದೆ. ಸಮಿತಿ ಮೊದಲು ಆಪ್ತಸಮಾಲೋಚನೆ ಮಾಡುತ್ತದೆ, ಆಮೇಲೆ ಒಪ್ಪಿಸುವ ಪತ್ರಕ್ಕೆ ಸಹಿ. ಮದುವೆಯಾದ ದಂಪತಿಯಾದರೆ ಇಬ್ಬರ ಸಹಿಯೂ ಬೇಕು. ಒಬ್ಬರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ತನ್ನಿ. ಮದುವೆಯಾಗದ ತಾಯಿಯಾದರೆ ಅವಳ ಸಹಿ ಸಾಕು. ಅಜ್ಜಿಯೋ ಮಾವನೋ ಎಸ್ಟೇಟ್ ಮಾಲೀಕರೋ ಹೆತ್ತವರ ಪರವಾಗಿ ಒಪ್ಪಿಸಲು ಆಗುವುದಿಲ್ಲ. ಹೆತ್ತವರು ಬಾರದಿದ್ದರೆ ಮಗುವನ್ನು ಬಿಟ್ಟುಹೋದ ಮಗು ಎಂದು ಪರಿಗಣಿಸುತ್ತಾರೆ.

ಭಾಷೆಯ ವಿಷಯ ನೆನಪಿಡಿ. ತಾಯಿ ಮನೆಯಲ್ಲಿ ಆಡುವುದು ಯರವ ಮಾತೋ, ಅರೆಭಾಷೆಯೋ, ಅಸ್ಸಾಮಿನಿಂದ ಕೆಲಸಕ್ಕೆ ಬಂದವಳಾದರೆ ಅಲ್ಲಿಯ ಮಾತೋ ಇರಬಹುದು. ಅವಳ ಮಾತು ಬಲ್ಲವರು ಬೇಕೆಂದು ಸಮಿತಿಯನ್ನು ಮೊದಲೇ ಕೇಳಿ. ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಬಾರದು.

ಸಹಿ ಹಾಕಿದ ಮೇಲೆ ಎರಡು ತಿಂಗಳು ಯೋಚನೆ ಮಾಡಲು ಸಮಯವಿದೆ. ಆ ಅವಧಿಯಲ್ಲಿ ಮನಸ್ಸು ಬದಲಾದರೆ ಸಮಿತಿಗೆ ಹೇಳಿ ಮಗುವನ್ನು ವಾಪಸ್ ಕೇಳಬಹುದು. ಅವಧಿ ಮುಗಿದು ಸಮಿತಿಯ ಆದೇಶ ಆದ ಮೇಲೆ ಕಷ್ಟ. ಎಷ್ಟನೇ ತಾರೀಕಿಗೆ 60 ದಿನ ಮುಗಿಯುತ್ತದೆ ಎಂದು ತಾಯಿಗೆ ಬರೆದುಕೊಡಿ. ಮೇ ಕೊನೆಯಲ್ಲಿ ಸಹಿ ಹಾಕಿದರೆ ಅವಧಿ ಮುಗಿಯುವುದು ಮಳೆಯ ನಡುವೆ. ರಸ್ತೆ ಕುಸಿದು ಮಡಿಕೇರಿಗೆ ಬರಲಾಗದಿದ್ದರೆ, ಕೊನೆಯ ದಿನದ ತನಕ ಕಾಯದೆ ಫೋನ್ ಮಾಡಿಯಾದರೂ ತಿಳಿಸಬೇಕು.

ಈ ಎರಡು ತಿಂಗಳು ಮಗು ದತ್ತು ಕೇಂದ್ರದಲ್ಲಿರುತ್ತದೆ. ಅದು ಬೇರೆ ಜಿಲ್ಲೆಯಲ್ಲೂ ಇರಬಹುದು. ಚಿಕಿತ್ಸೆ ಎಲ್ಲಿ ನಡೆಯುತ್ತಿದೆ ಎಂದು ಸಮಿತಿಗೆ ಹೇಳಿದರೆ ಅದಕ್ಕೆ ಅನುಕೂಲವಾಗುವಂತೆ ಯೋಚಿಸುತ್ತಾರೆ.

ಹಂತ 5: ಸಮಿತಿಯ ಆದೇಶ

ಅವಧಿ ಮುಗಿದ ಮೇಲೆ "ಈ ಮಗು ದತ್ತಿಗೆ ಕಾನೂನುಬದ್ಧವಾಗಿ ಮುಕ್ತ" ಎಂದು ಸಮಿತಿ ಆದೇಶ ಮಾಡುತ್ತದೆ. ಬಿಟ್ಟುಹೋದ ಮಗುವಾದರೆ ಮೊದಲು ಹೆತ್ತವರನ್ನು ಹುಡುಕುವ ಪ್ರಯತ್ನ ನಡೆಯುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಇದೆಲ್ಲ ಎರಡು ತಿಂಗಳಲ್ಲಿ ಮುಗಿಯಬೇಕು. ಆಮೇಲೆ ಮಗುವಿನ ಪರಿಚಯ ವರದಿ, ವೈದ್ಯಕೀಯ ವರದಿ ಕಾರಾ ಪೋರ್ಟಲ್‌ಗೆ ಹೋಗುತ್ತವೆ. ವಿಶೇಷ ಅಗತ್ಯದ ಮಗು ಹೌದೋ ಅಲ್ಲವೋ ಎಂಬುದನ್ನು ಸರ್ಕಾರಿ ವೈದ್ಯರು ದೃಢೀಕರಿಸುತ್ತಾರೆ. ನಿಮ್ಮ ಪ್ಲಾಸ್ಟಿಕ್ ಫೈಲ್ ಕೆಲಸಕ್ಕೆ ಬರುವುದು ಈಗ.

ಹಂತ 6: ಕುಟುಂಬ ಸಿಗುವುದು ಹೇಗೆ

ಆರೋಗ್ಯವಾಗಿರುವ ಕೂಸಿಗಾಗಿ ನೋಂದಾಯಿಸಿದವರು ಸರದಿಯಲ್ಲಿ ವರ್ಷಗಟ್ಟಲೆ ಕಾಯುತ್ತಾರೆ. ವಿಶೇಷ ಅಗತ್ಯದ ಮಗುವಿಗೆ ಆ ಸರದಿ ಇಲ್ಲ. ನೋಂದಾಯಿಸಿ, ಮನೆ ಪರಿಶೀಲನೆ ಮುಗಿಸಿದ ಕುಟುಂಬಗಳು ಇಂಥ ಮಕ್ಕಳ ವಿವರವನ್ನು ಪೋರ್ಟಲ್‌ನಲ್ಲೇ ನೋಡಿ ಆರಿಸಿಕೊಳ್ಳಬಹುದು. ಕಾರಾ ಅನುಮತಿಯೊಂದಿಗೆ ಹೊರದೇಶದ ಕುಟುಂಬಕ್ಕೂ ಹೋಗಬಹುದು. ಅಂತರರಾಷ್ಟ್ರೀಯ ದತ್ತಿನ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಒಪ್ಪಿಕೊಂಡಿದೆ, ಹಾಗಾಗಿ ಅದೂ ಕಾನೂನಿನ ದಾರಿಯೇ. "ಫಾರಿನ್‌ಗೆ ಮಾರಿಬಿಟ್ಟರು" ಎನ್ನುವ ಮಾತಿಗೆ ಕಿವಿಗೊಡಬೇಡಿ.

ಓದುತ್ತಿರುವ ನೀವೇ ದತ್ತು ಪಡೆಯಬೇಕೆಂದಿದ್ದೀರಾ? ಎರಡು ವರ್ಷದೊಳಗಿನ ಮಗುವಿಗೆ ದಂಪತಿಯ ವಯಸ್ಸು ಕೂಡಿಸಿದರೆ 85 ಮೀರಬಾರದು, ಒಂಟಿಯಾಗಿದ್ದರೆ 40. ಮದುವೆಯಾಗಿ ಎರಡು ವರ್ಷ ಆಗಿರಬೇಕು. ಒಂಟಿ ಗಂಡಸಿಗೆ ಹೆಣ್ಣು ಮಗು ಕೊಡುವುದಿಲ್ಲ. ಈಗಾಗಲೇ ಎರಡು ಅಥವಾ ಹೆಚ್ಚು ಮಕ್ಕಳಿದ್ದರೂ ವಿಶೇಷ ಅಗತ್ಯದ ಮಗುವಿಗೆ ಅರ್ಜಿ ಹಾಕಬಹುದು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಕಾಫಿ ತೋಟ ಎಷ್ಟು ಎಕರೆ ಅನ್ನುವುದಕ್ಕಿಂತ, ತಿಂಗಳಿಗೊಮ್ಮೆ ಮೈಸೂರಿಗೆ ಮಗುವನ್ನು ಕರೆದುಕೊಂಡು ಹೋಗಿ ಬರಲು ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ಮೊದಲು ಯೋಚಿಸಿ. ಮಡಿಕೇರಿಯಿಂದ ಹೆಚ್ಚುಕಡಿಮೆ 120 ಕಿಲೋಮೀಟರ್. ಮಳೆಯಲ್ಲಿ ಇಡೀ ದಿನ ಹೋಗುತ್ತದೆ.

ಸಂಬಂಧದೊಳಗೇ ಯಾರಾದರೂ ಮುಂದೆ ಬಂದರೆ? ಚಿಕ್ಕಪ್ಪ, ಸೋದರಮಾವ, ಚಿಕ್ಕಮ್ಮ, ಅಜ್ಜ ಅಜ್ಜಿ ಬಾಲನ್ಯಾಯ ಕಾಯ್ದೆಯ ಅಡಿಯಲ್ಲೇ ದತ್ತು ಪಡೆಯಬಹುದು, ಮಕ್ಕಳ ರಕ್ಷಣಾ ಘಟಕ ದಾರಿ ತೋರಿಸುತ್ತದೆ. 1956ರ ಹಿಂದೂ ದತ್ತು ಕಾಯ್ದೆಯ ದಾರಿಯೂ ಇದೆ. ಆದರೆ ಅದರಲ್ಲಿ ಈಗಾಗಲೇ ಗಂಡು ಮಗುವಿರುವವರು ಇನ್ನೊಂದು ಗಂಡು ಮಗುವನ್ನು ದತ್ತು ಪಡೆಯುವಂತಿಲ್ಲ, ಹೆಣ್ಣಿಗೂ ಹಾಗೆಯೇ. ವಕೀಲರನ್ನು ಕೇಳಿ, ಪತ್ರ ನೋಂದಣಿ ಮಾಡಿಸಿ. ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಹಿರಿಯರ ಮುಂದೆ ಮಾತಾಯಿತು ಎನ್ನುವುದು ಮಗುವಿನ ಹಕ್ಕಿಗೆ ಸಾಲದು.

ದಲ್ಲಾಳಿಗಳ ಬಗ್ಗೆ ಎಚ್ಚರ. "ಆಸ್ಪತ್ರೆ ಬಿಲ್ ನಾನು ಕಟ್ಟುತ್ತೇನೆ, ಮಗು ನನಗೆ ಕೊಡಿ" ಎನ್ನುವುದು ಸಹಾಯವಲ್ಲ, ವ್ಯಾಪಾರ. ಮಗುವನ್ನು ಮಾರುವುದಕ್ಕೂ ಕೊಳ್ಳುವುದಕ್ಕೂ ಐದು ವರ್ಷದವರೆಗೆ ಜೈಲು ಇದೆ. ಆಸ್ಪತ್ರೆಯವರೇ ಮಾಡಿದರೆ ಮೂರರಿಂದ ಏಳು ವರ್ಷ. ಕಾಯಿಲೆ ಇರುವ ಮಗು ಅಂಥವರ ಕೈಗೆ ಸಿಕ್ಕರೆ ಚಿಕಿತ್ಸೆ ಸಿಗುತ್ತದೆ ಅನ್ನುವ ಖಾತ್ರಿ ಏನೂ ಇಲ್ಲ.

ಹಂತ 7: ಮಗು ಹೊರಡುವ ದಿನ

ಕುಟುಂಬ ಒಪ್ಪಿಗೆ ಕೊಟ್ಟ ಮೇಲೆ, ಜಿಲ್ಲಾಧಿಕಾರಿಯ ಆದೇಶ ಬರುವ ಮೊದಲೇ ದತ್ತುಪೂರ್ವ ಆರೈಕೆ ಎಂದು ಮಗುವನ್ನು ಅವರ ಜೊತೆ ಕಳುಹಿಸಬಹುದು. ಆಪರೇಷನ್ ದಿನ ಹತ್ತಿರವಿದ್ದರೆ ಇದು ತುಂಬಾ ಉಪಯೋಗ. ಆದೇಶ ಆದ ಮೇಲೆ ಜನನ ಪ್ರಮಾಣಪತ್ರದಲ್ಲಿ ದತ್ತು ತಂದೆ ತಾಯಿಯ ಹೆಸರು ಬರುತ್ತದೆ. ಎರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಬಂದು ನೋಡುತ್ತಾರೆ.

ಕೇಂದ್ರದಲ್ಲಿ ಮಗುವನ್ನು ನೋಡಿಕೊಂಡವರು, ಅದಕ್ಕೂ ಮೊದಲು ಹೆತ್ತ ತಾಯಿಯೋ ನರ್ಸೋ, ಒಂದು ಹಾಳೆ ಬರೆದಿಡಿ. ಫೈಲಿನ ಮೊದಲ ಪುಟವಾಗಿ ಅದು ಹೋಗಲಿ. ವರದಿಯಲ್ಲಿ ಬಾರದ ವಿಷಯಗಳು ಅದರಲ್ಲಿ ಇರಬೇಕು. ಬಾಟಲಿಯಲ್ಲಿ ಕುಡಿಯುತ್ತದೋ, ಒಳಲೆಯಲ್ಲೋ. ಒಂದು ಸಲಕ್ಕೆ ಎಷ್ಟು ಮಿಲಿಲೀಟರ್, ಕುಡಿಯಲು ಎಷ್ಟು ಹೊತ್ತು. ಸೀಳು ಅಂಗುಳದ ಮಗುವಾದರೆ ಯಾವ ಕೋನದಲ್ಲಿ ಎತ್ತಿ ಹಿಡಿದರೆ ಹಾಲು ಮೂಗಿಗೆ ಬರುವುದಿಲ್ಲ. ಹೃದಯದ ತೊಂದರೆಯ ಮಗುವಾದರೆ ಅತ್ತಾಗ ತುಟಿಯ ಬಣ್ಣ ಹೇಗಾಗುತ್ತದೆ, ಎಷ್ಟು ಹೊತ್ತಿಗೆ ಸರಿಹೋಗುತ್ತದೆ. ಯಾವ ಮಗ್ಗುಲಿಗೆ ಮಲಗಿಸಿದರೆ ನಿದ್ದೆ ಬರುತ್ತದೆ. ಮುಂದಿನ ಡಾಕ್ಟರ್ ಭೇಟಿ ಯಾವ ತಾರೀಕು. ಮಗು ಸುತ್ತಿಕೊಂಡು ಮಲಗುತ್ತಿದ್ದ ಬಟ್ಟೆಯನ್ನು ಒಗೆಯದೆ ಹಾಗೇ ಜೊತೆಗೆ ಕೊಡಿ. ಹೊಸ ಮನೆಯಲ್ಲಿ ಮೊದಲ ರಾತ್ರಿ ಅದಕ್ಕೆ ಗೊತ್ತಿರುವ ವಾಸನೆ ಅದೊಂದೇ.